ತಪ್ಪು ಟ್ಯೂಬಿನ ರಕ್ತ, ಸಹಿ ಬಿದ್ದ ವರದಿ: ಪಶು ಪ್ರಯೋಗಾಲಯಕ್ಕೊಂದು ದೂರು

ಗೆ,
ವ್ಯವಸ್ಥಾಪಕರು,
ಪಶು ರಕ್ತಪರೀಕ್ಷಾ ವಿಭಾಗ,
ಕೇಂದ್ರ ಪ್ರಯೋಗಾಲಯ, ಬೆಂಗಳೂರು

ವಿಷಯ: ನಮ್ಮ ನಾಯಿಯ ರಕ್ತಪರೀಕ್ಷೆಯ ತಪ್ಪು ವರದಿ ಮತ್ತು ಅದರ ಬಗ್ಗೆ ನೀವು ಕೊಟ್ಟ ಉತ್ತರ

ಮಾನ್ಯರೇ,

ನಮ್ಮ ಏಳು ವರ್ಷದ ನಾಯಿ ಕೆಂಚನ ಹಲ್ಲು ಶುಚಿ ಮಾಡಿಸಬೇಕಿತ್ತು. ಅರಿವಳಿಕೆ ಕೊಡುವ ಮುನ್ನ ರಕ್ತಪರೀಕ್ಷೆ ಆಗಲಿ ಎಂದು ವೈದ್ಯರು ಹೇಳಿದ್ದರಿಂದ ಶಿವಮೊಗ್ಗದ ನಿಮ್ಮ ಸಂಗ್ರಹ ಕೇಂದ್ರದವರನ್ನು ಮನೆಗೆ ಕರೆಸಿದೆವು. ಮರುದಿನ ಸಂಜೆ ಮೊಬೈಲಿಗೆ ಬಂದ ವರದಿಯಲ್ಲಿ ಪೊಟ್ಯಾಸಿಯಂ 9.6, ಕ್ಯಾಲ್ಸಿಯಂ 4.2, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ 5, ಗ್ಲೂಕೋಸ್ 41 ಎಂದಿತ್ತು. ನಾಲ್ಕೂ ಕೆಂಪು ಅಕ್ಷರದಲ್ಲಿ. ಕೆಳಗೆ ರೋಗಶಾಸ್ತ್ರಜ್ಞರ ಸಹಿ, ಜೊತೆಗೆ ‘ಮಾದರಿಯ ಸ್ಥಿತಿ: ತೃಪ್ತಿಕರ’ ಎಂಬ ಷರಾ.

ಆ ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ವೈದ್ಯರು ಇಸಿಜಿ ತೆಗೆದರು, ಏನೂ ದೋಷವಿರಲಿಲ್ಲ. ಇಷ್ಟು ಪೊಟ್ಯಾಸಿಯಂ ನಿಜವಾಗಿಯೂ ಇದ್ದಿದ್ದರೆ ಹೃದಯದ ಬಡಿತವೇ ಹಳಿ ತಪ್ಪಿರುತ್ತಿತ್ತು, ಇವನು ಬಾಲ ಅಲ್ಲಾಡಿಸುತ್ತ ಮೆಟ್ಟಿಲು ಹತ್ತಿ ಬರುತ್ತಿರಲಿಲ್ಲ ಎಂದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ರಕ್ತವನ್ನು ಯಾವ ಟ್ಯೂಬಿಗೆ ಮೊದಲು ಹಾಕಿದರು?

ನಾನು ಪಕ್ಕದಲ್ಲೇ ನಿಂತು ನಾಯಿಯನ್ನು ಹಿಡಿದುಕೊಂಡಿದ್ದೆ. ನಿಮ್ಮ ಸಿಬ್ಬಂದಿ ನೇರಳೆ ಮುಚ್ಚಳದ ಟ್ಯೂಬನ್ನು ಕಂಠಮಟ್ಟ ತುಂಬಿದರು. ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಳೆಯಲು ಬೇಕಾದ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಹೋದಾಗ ನೇರಳೆಯ ಮುಚ್ಚಳ ತೆಗೆದು, ಅದರಿಂದ ಒಂದಿಷ್ಟನ್ನು ಕೆಂಪಿಗೆ ಬಗ್ಗಿಸಿದರು. ಮತ್ತೆ ಸೂಜಿ ಚುಚ್ಚುವುದು ತಪ್ಪಿತಲ್ಲ ಎಂದು ನಕ್ಕರು ಕೂಡ. ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣ. ರಕ್ತ ಹೆಪ್ಪುಗಟ್ಟದಂತೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಕೆಲಸ ಮಾಡಲು ಬೇಕಾದ ಸತು ಮತ್ತು ಮೆಗ್ನೀಸಿಯಂ ಅನ್ನೂ ಬಿಡುವುದಿಲ್ಲ. ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಮತ್ತು ಫಾಸ್ಫಟೇಸ್ ಪಾತಾಳಕ್ಕೆ. ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಟ್ಯೂಬನ್ನು ಅನುಮಾನಿಸಬೇಕು, ನಾಯಿಯನ್ನಲ್ಲ. ಇದು ಸಹಿ ಹಾಕಿದವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಅವರು ವರದಿಯನ್ನು ಓದಲೇ ಇಲ್ಲ.

ಫೋನ್ ಮಾಡಿದಾಗ ನಿಮ್ಮ ಕಚೇರಿಯಿಂದ ಬಂದ ಮೊದಲ ಉತ್ತರ: ಯಂತ್ರ ಸರಿಯಾಗಿದೆ, ಯಂತ್ರವನ್ನು ಪರೀಕ್ಷಿಸಲು ಹಾಕುವ ಅಂದಿನ ಕಂಟ್ರೋಲ್ ಮಾದರಿಗಳೂ ಸರಿ ಬಂದಿವೆ. ಇರಬಹುದು. ಯಂತ್ರದ ಮೇಲೆ ನನ್ನ ದೂರೇ ಇಲ್ಲ. ಕೆಟ್ಟ ಮಾದರಿಯನ್ನು ಅದು ಚೊಕ್ಕವಾಗಿ ಅಳೆದಿದೆ. ಎರಡನೆಯ ಉತ್ತರ: ಸಾಗಣೆ ತಡವಾದಾಗ ಕೆಂಪು ರಕ್ತಕಣಗಳಿಂದ ಪೊಟ್ಯಾಸಿಯಂ ಸೋರುತ್ತದೆ. ಮನುಷ್ಯರ ರಕ್ತದಲ್ಲಿ, ಕುದುರೆಯ ರಕ್ತದಲ್ಲಿ ಸರಿ. ಆದರೆ ಅಕಿತಾದಂಥ ಕೆಲವು ತಳಿಗಳನ್ನು ಬಿಟ್ಟರೆ ನಾಯಿಗಳ ಕೆಂಪು ಕಣಗಳಲ್ಲಿ ಪೊಟ್ಯಾಸಿಯಂ ಇರುವುದೇ ಕಡಿಮೆ. ಕೆಂಚ ನಮ್ಮ ಬೀದಿಯಲ್ಲೇ ಹುಟ್ಟಿದವನು. ಕ್ಯಾಲ್ಸಿಯಂ ಕುಸಿದದ್ದಕ್ಕಂತೂ ಈ ವಾದದಲ್ಲಿ ಜಾಗವೇ ಇಲ್ಲ.

ತಡವಾದದ್ದು ನಿಜ. ಅದರ ಗುರುತು ಗ್ಲೂಕೋಸಿನಲ್ಲಿದೆ. ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಅದನ್ನು ಬೇರ್ಪಡಿಸದೆ ಬಿಟ್ಟರೆ ಕಣಗಳು ಗಂಟೆಗೆ ಸುಮಾರು 5ರಿಂದ 10 ಶೇಕಡಾ ಸಕ್ಕರೆಯನ್ನು ತಿಂದು ಹಾಕುತ್ತವೆ. ಬೆಳಿಗ್ಗೆ ತೆಗೆದ ರಕ್ತ ರಾತ್ರಿ ಬೆಂಗಳೂರು ತಲುಪಿದರೆ 41 ಬಾರದೆ ಇನ್ನೇನು? ವರದಿಯಲ್ಲಿ ರಕ್ತ ತೆಗೆದ ಸಮಯವನ್ನೇ ನೀವು ಮುದ್ರಿಸಿಲ್ಲ.

ಇನ್ನೊಂದು ವಿಷಯ. ಕೆಂಪು ಕಣದ ಗಾತ್ರ 68 ಎಂದು ತೋರಿಸಿ ‘ಕಡಿಮೆ’ ಎಂದು ಗುರುತು ಹಾಕಿದ್ದೀರಿ. 80ರಿಂದ 100 ಮನುಷ್ಯರ ಮಿತಿ. ನಾಯಿಗೆ 68 ಸಹಜ.

ಎರಡು ಪ್ರಯೋಗಾಲಯಗಳು ಒಂದೇ ಅಂಕಿ ಕೊಡಲೇಬೇಕೆಂದು ನಾನು ಹಟ ಹಿಡಿದಿಲ್ಲ. ಯಂತ್ರ ಬದಲಾದರೆ, ಪ್ರಾಣಿ ಉಂಡಿದ್ದರೆ, ಹೆದರಿದ್ದರೆ ಅಂಕಿ ಆಚೀಚೆ ಆಗುತ್ತದೆ. ಸಾಮಾನ್ಯ ಮಿತಿ ಎಂಬುದನ್ನು ಆರೋಗ್ಯವಂತ ಪ್ರಾಣಿಗಳಲ್ಲಿ 95 ಶೇಕಡಾ ಒಳಗೆ ಬರುವಂತೆ ಕಟ್ಟುವುದರಿಂದ, ಇಪ್ಪತ್ತು ಪರೀಕ್ಷೆಗಳಲ್ಲಿ ಒಂದು ಹೊರಗೆ ಬಿದ್ದರೂ ಗಾಬರಿಯಿಲ್ಲ. ಆದರೆ ಅಂಥ ಏರಿಳಿತ ಬೇರೆ, ಈ ವರದಿ ಬೇರೆ. ಹೊಸದಾಗಿ ರಕ್ತ ತೆಗೆದು, ಆಸ್ಪತ್ರೆಯಲ್ಲೇ ಕೂಡಲೇ ಸೀರಂ ಬೇರ್ಪಡಿಸಿ ಪರೀಕ್ಷಿಸಿದಾಗ ಬಂದದ್ದು ಪೊಟ್ಯಾಸಿಯಂ 4.4, ಕ್ಯಾಲ್ಸಿಯಂ 10.1, ಗ್ಲೂಕೋಸ್ 94.

ಆದ್ದರಿಂದ ಹಳೆಯ ವರದಿಯನ್ನು ರದ್ದು ಮಾಡಿ, ಮಾದರಿ ಕಲಬೆರಕೆಯಾಗಿತ್ತೆಂದು ಲಿಖಿತವಾಗಿ ತಿಳಿಸಿ. ನಮ್ಮಿಂದ ಪಡೆದ 1,850 ರೂಪಾಯಿ ಹಾಗೂ ಆ ರಾತ್ರಿಯ ಆಸ್ಪತ್ರೆ ವೆಚ್ಚವನ್ನು ಹಿಂತಿರುಗಿಸಿ. ಸಂಗ್ರಹ ಸಿಬ್ಬಂದಿಗೆ ಕೆಂಪು ಟ್ಯೂಬನ್ನು ಮೊದಲು ತುಂಬಲು ಕಲಿಸಿ, ಸೀರಂ ಅನ್ನು ಶಿವಮೊಗ್ಗದಲ್ಲೇ ಬೇರ್ಪಡಿಸುವ ವ್ಯವಸ್ಥೆ ಮಾಡಿ. ಆ ಹುಡುಗನನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳುವುದು ಬೇಡ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸಹಿ ಹಾಕಿದವರಿಗೆ ಆ ನೆಪವಿಲ್ಲ.

15 ದಿನಗಳೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಎರಡೂ ವರದಿಗಳು, ಇಸಿಜಿ ಮತ್ತು ರಸೀದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಶಿವಮೊಗ್ಗ