ಆ ಮಾತನ್ನು ಕರ್ಣನ ಬಾಯಿಂದಲೇ ಆಡಿಸು

ಮಗೂ,

ಕರ್ಣನ ಧಾರಾವಾಹಿಗೆ ಅಂತ ನೀನು ಬರೆದು ಕಳಿಸಿದ ಎಪಿಸೋಡ್‌ಗಳನ್ನೆಲ್ಲ ಓದಿದೆ. ‘ಎಮೋಷನ್ ಸಾಲದು’ ಅಂತ ಚಾನೆಲ್‌ನವರು ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನ್ನಿಸುತ್ತಿದೆ ಅಂತ ಬರೆದಿದ್ದೀಯ. ಬಿಡುವ ಮಾತು ಆಮೇಲೆ ನೋಡೋಣ. ಕರ್ಣನನ್ನು ಸಾಕಿದ ಅಧಿರಥ ಮತ್ತು ರಾಧೆ ಜಗಳ ಆಡುವ ದೃಶ್ಯ ಓದಿ ಒಬ್ಬನೇ ಕೂತು ನಕ್ಕೆ. ಇಬ್ಬರೂ ನಿಜವಾದ ಗಂಡ ಹೆಂಡಿರ ಹಾಗೆ ಮಾತಾಡುತ್ತಾರೆ. ಪೌರಾಣಿಕ ಧಾರಾವಾಹಿಯಲ್ಲಿ ಅಷ್ಟು ಸಲೀಸಾದ ಮಾತು ಕೇಳಿ ಯಾವ ಕಾಲವಾಯಿತೋ.

ಸೀನ್ ಎಷ್ಟು ಉದ್ದ ಇರಬೇಕು, ಬ್ರೇಕ್‌ಗೆ ಮುಂಚೆ ಏನಿಡಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಸೆಟ್‌ನಲ್ಲಿ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಸಿಟ್ಟು ಬಂದಿರುವುದು ಜೂಜಿನ ಸಭೆಯ ಎಪಿಸೋಡ್ ಮೇಲೆ. ಅಲ್ಲಿ ನಿನ್ನ ಕರ್ಣ ತಲೆ ತಗ್ಗಿಸಿ ಕೂತಿದ್ದಾನೆ. ಮುಷ್ಟಿ ಬಿಗಿದಿದ್ದಾನೆ, ಕಣ್ಣಲ್ಲಿ ನೀರು. ಮೂರು ಕಡೆಯಿಂದ ಕ್ಲೋಸಪ್, ಹಿಂದೆ ಗುಡುಗು ಅಂತ ಬೇರೆ ಸೂಚನೆ ಕೊಟ್ಟಿದ್ದೀಯ.

ವ್ಯಾಸರ ಸಭಾಪರ್ವದಲ್ಲಿ ಅವನು ಸುಮ್ನೆ ಕೂತಿರಲಿಲ್ಲ. ದ್ರೌಪದಿಯ ಪರವಾಗಿ ಎದ್ದು ನಿಂತದ್ದು ದುರ್ಯೋಧನನ ತಮ್ಮ ವಿಕರ್ಣ. ಕರ್ಣ ಅವನನ್ನು ಗದರಿಸಿ ಕೂರಿಸುತ್ತಾನೆ. ಐದು ಗಂಡಂದಿರಿರುವ ಇವಳು ಸೂಳೆ ಅನ್ನುತ್ತಾನೆ. ಪಾಂಡವರ ಬಟ್ಟೆ, ಇವಳ ಬಟ್ಟೆ ಎಲ್ಲ ಕಿತ್ತುಕೋ ಅಂತ ದುಶ್ಶಾಸನನಿಗೆ ಹೇಳುವವನೂ ಅವನೇ. ಇದನ್ನು ಬಿಟ್ಟು ಕರ್ಣನ ಕತೆ ಹೇಗಮ್ಮಾ ಬರೆಯುತ್ತೀಯ?

ನಿನ್ನ ಉತ್ತರ ಗೊತ್ತು. ‘ಅವನು ಪಶ್ಚಾತ್ತಾಪ ಪಟ್ಟ, ಒಳ್ಳೆಯವನು.’ ಹೌದು, ಪಟ್ಟ. ಉದ್ಯೋಗಪರ್ವದಲ್ಲಿ ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿದಾಗ ಕರ್ಣ ಒಪ್ಪಿಕೊಳ್ಳುತ್ತಾನೆ: ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾದ ಮಾತು ಆಡಿದೆ, ಅದು ಈಗ ನನ್ನನ್ನು ಸುಡುತ್ತಿದೆ. ಇಡೀ ಮಹಾಭಾರತದಲ್ಲಿ ನನಗೆ ಅವನು ತುಂಬಾ ಇಷ್ಟವಾಗುವ ಜಾಗ ಅದು. ನೀನು ಸಭೆಯಲ್ಲಿ ಅವನ ಬಾಯಿ ಮುಚ್ಚಿಸಿಬಿಟ್ಟೆ. ಇನ್ನು ಯಾವುದಕ್ಕೆ ಅವನು ಬೇಯಬೇಕು?

2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಡಬ್ ಆಗಿ ಬಂದ ಮಹಾಭಾರತ ನೋಡಿಯೇ ಕರ್ಣನ ಹುಚ್ಚು ಹಿಡಿಯಿತು ಅಂತ ಹೇಳಿದ್ದೀಯ. ಅದರಲ್ಲಿ ತಪ್ಪೇನಿಲ್ಲ. ಅರ್ಜುನನನ್ನು ನಾಯಕ ಮಾಡಿ, ತನ್ನ ದೊರೆ ಅರಿಕೇಸರಿಯನ್ನು ಅವನಿಗೆ ಹೋಲಿಸಿ ಬರೆದ ಪಂಪನೇ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ನಿನ್ನ ಪ್ರೀತಿಗೆ ಸಾವಿರ ವರ್ಷದ ಸಂಗಾತಿ ಇದ್ದಾನೆ. ಆದರೆ ಪ್ರೀತಿ ಅಂದರೆ ವಕಾಲತ್ತು ಅಲ್ಲ.

ಇನ್ನೊಂದು ಗಮನಿಸು. ಟೀವಿಯವರು ಒಬ್ಬ ಗಂಡಸಿನ ಮೇಲಿನ ಕಲೆ ತೊಳೆಯಲು ಹೊರಟರೆ ಆ ಕೊಳೆ ಹೆಚ್ಚಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ ಮಹಾಭಾರತದಲ್ಲಿ ದ್ರೌಪದಿ ‘ಕುರುಡನ ಮಗ ಕುರುಡ’ ಅಂದಳಲ್ಲ, ಆ ಮಾತು ವ್ಯಾಸರಲ್ಲಿಲ್ಲ. ನೀರಿಗೆ ಬಿದ್ದ ದುರ್ಯೋಧನನನ್ನು ನೋಡಿ ನಕ್ಕವರು ಭೀಮ ಮತ್ತು ಉಳಿದವರು. ದ್ರೌಪದಿಯೂ ನಕ್ಕಳು ಅಂತ ಅವನು ಅಪ್ಪನ ಹತ್ತಿರ ದೂರು ಹೇಳುತ್ತಾನೆ, ಅಷ್ಟೇ. ಈಗ ಕೇಳು ಜನರನ್ನು. ‘ಅವಳು ಹಾಗೆ ಅನ್ನದಿದ್ದರೆ ಯುದ್ಧವೇ ಆಗುತ್ತಿರಲಿಲ್ಲ’ ಅನ್ನುತ್ತಾರೆ. ನೀನೂ ಸ್ವಯಂವರದಲ್ಲಿ ‘ಸೂತಪುತ್ರನನ್ನು ವರಿಸುವುದಿಲ್ಲ’ ಅಂತ ಅವಳ ಕೈಲಿ ಎರಡೆರಡು ಸಲ ಹೇಳಿಸಿದ್ದೀಯ. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಹಸ್ತಪ್ರತಿಗಳನ್ನು ಹೋಲಿಸಿ ತಂದ ಪರಿಷ್ಕೃತ ಪಾಠದಲ್ಲಿ ಆ ಮಾತೇ ಇಲ್ಲ. ಬೇಕಿದ್ದರೆ ಇಟ್ಟುಕೋ, ಕೆಲವು ಪ್ರತಿಗಳಲ್ಲಿ ಇದೆ. ಆದರೆ ಅವಳು ಆಡಿದ್ದನ್ನು ಎರಡು ಸಲ, ಅವನು ಆಡಿದ್ದನ್ನು ಒಂದು ಸಲವೂ ಇಲ್ಲ ಅಂದರೆ ಯಾವ ನ್ಯಾಯ?

ರಾಮನಿಗೂ ಹೀಗೇ ಆಯಿತು. ವಾಲ್ಮೀಕಿಯ ರಾಮ ಯುದ್ಧ ಗೆದ್ದ ಮೇಲೆ ಸೀತೆಗೆ ಕಿವಿಯಲ್ಲಿ ಕೇಳಲಾಗದ ಮಾತಾಡುತ್ತಾನೆ. ಲಕ್ಷ್ಮಣನೋ ಭರತನೋ ಸುಗ್ರೀವನೋ ವಿಭೀಷಣನೋ, ಯಾರ ಹತ್ತಿರ ಬೇಕಾದರೂ ಹೋಗು ಅನ್ನುತ್ತಾನೆ. 1987ರಲ್ಲಿ ಶುರುವಾದ ರಾಮಾನಂದ ಸಾಗರರ ರಾಮಾಯಣದಲ್ಲಿ ರಾಮ ಲಕ್ಷ್ಮಣನಿಗೆ ಸಮಾಧಾನ ಹೇಳುತ್ತಾನೆ: ರಾವಣ ಕದ್ದದ್ದು ಬರೀ ನೆರಳು, ನಿಜವಾದ ಸೀತೆ ಅಗ್ನಿಯ ಹತ್ತಿರ ಇದ್ದಳು, ಈಗ ವಾಪಸ್ ಕರೆಯುತ್ತಿದ್ದೇನೆ. ಇದು ತುಳಸೀದಾಸರಲ್ಲಿದೆ. ಅವರು ಭಕ್ತರು, ಅವರಿಗೆ ಆ ದಾರಿ ಸಹಜ. ಟೀವಿಯಲ್ಲಿ ಮಾತ್ರ ಅದು ನುಣುಚಿಕೊಳ್ಳುವ ಉಪಾಯವಾಯಿತು. ರಾಮನಿಗೆ ಕಷ್ಟವೇ ಇಲ್ಲ, ಸೀತೆಗೆ ನೋವೇ ಇಲ್ಲ.

ವೇಷ ಕಟ್ಟದೆ, ಕೂತು ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ನಮ್ಮ ಕರಾವಳಿಯ ತಾಳಮದ್ದಳೆಗೆ ಈ ಭಯ ಇಲ್ಲ ನೋಡು. ವಾಲಿಮೋಕ್ಷದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನಗೆ ನಾನೇನು ಮಾಡಿದ್ದೆ? ಪಾತ್ರದ ಮಾತಾಡುವ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ಎದುರಿನ ರಾಮ ಬೆವರಬೇಕಾಗಿತ್ತು. ಕೇಳುವವರು ಬಹಳಷ್ಟು ಜನ ರಾಮಭಕ್ತರೇ. ಯಾರೂ ಎದ್ದು ಹೋಗುತ್ತಿರಲಿಲ್ಲ.

ಅದೇ ಪ್ರಸಂಗವನ್ನು ನಾನೊಮ್ಮೆ ಒಂದು ಧಾರಾವಾಹಿಗೆ ಬರೆದುಕೊಟ್ಟಿದ್ದೆ. ‘ಸಾರ್, ಹೀರೋಗೆ ನೆಗೆಟಿವ್ ಆಗುತ್ತೆ’ ಅಂತ ವಾಲಿಯ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿದರು. ಉತ್ತರಗಳನ್ನು ಮಾತ್ರ ಉಳಿಸಿಕೊಂಡರು! ತೆರೆಯ ಮೇಲೆ ವಾಲಿ ಸುಮ್ನೆ ನರಳುತ್ತಿದ್ದ, ರಾಮ ಉಪನ್ಯಾಸ ಕೊಡುತ್ತಿದ್ದ. ಆ ಪ್ರಶ್ನೆಗಳನ್ನು ಹೊಡೆದುಹಾಕಿದ ಪುಣ್ಯಾತ್ಮನನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಎಮೋಷನ್ ಬೇಕು ಅಂದರಲ್ಲ, ಕುಮಾರವ್ಯಾಸನನ್ನು ಓದು. ಕೃಷ್ಣ ಮೈದುನತನದ ಸಲುಗೆಯಲ್ಲಿ ಕರ್ಣನನ್ನು ರಥಕ್ಕೆ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ನಿಮ್ಮ ಸಮಕ್ಕೆ ಕೂರಲು ಅಂಜುತ್ತೇನೆ ಅನ್ನುತ್ತಾನೆ ಕರ್ಣ. ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿಯುತ್ತಾನೆ. ಇಷ್ಟೇ. ಜೀವಮಾನವೆಲ್ಲ ಜಾತಿಯ ಮಾತು ಕೇಳಿಸಿಕೊಂಡವನಿಗೆ ಆ ಒಂದು ಸ್ಪರ್ಶ ಏನು ಮಾಡಿರಬಹುದು, ಯೋಚಿಸು. ಅದೂ ರಾಜಕಾರಣದ ಸ್ಪರ್ಶ, ಅಲ್ವಾ? ಸ್ಲೋ ಮೋಷನ್ ಬೇಕಾ ಅದಕ್ಕೆ?

ಹಾಗೇ ವನಪರ್ವದ ಘೋಷಯಾತ್ರೆಯನ್ನೂ, ಅಂದರೆ ಕೌರವರು ಕಾಡಿಗೆ ಹೋಗಿ ಗಂಧರ್ವರ ಕೈಲಿ ಸೋತ ಕತೆಯನ್ನೂ ಸೇರಿಸು. ಗಂಧರ್ವರು ರಥ ಪುಡಿ ಮಾಡಿದಾಗ ಕರ್ಣ ಬೇರೊಬ್ಬನ ರಥ ಹತ್ತಿ ಓಡಿಹೋಗುತ್ತಾನೆ. ಯಾರ ರಥ ಗೊತ್ತಾ? ವಿಕರ್ಣನದು. ಸಭೆಯಲ್ಲಿ ಗದರಿಸಿ ಕೂರಿಸಿದನಲ್ಲ, ಅವನದೇ. ಇಂಥದ್ದು ಕೈಗೆ ಸಿಕ್ಕಿರುವಾಗ ಹೊಸ ಟ್ವಿಸ್ಟ್ ಯಾಕೆ ಹುಡುಕುತ್ತೀಯ ಹುಡುಗಿ?

ಸಭೆಯ ಎಪಿಸೋಡ್ ಮತ್ತೆ ಬರೆದು ಕಳಿಸು. ಚಾನೆಲ್‌ಗಲ್ಲ, ನನಗೆ. ವಿಕರ್ಣನಿಗೆ ನಾಲ್ಕು ಮಾತು ಜಾಸ್ತಿ ಕೊಡು. ವಾಟ್ಸಾಪ್‌ನಲ್ಲಿ ಮಾತ್ರ ಕಳಿಸಬೇಡ, ಫೋನಿನಲ್ಲಿ ಓದಲು ನನ್ನ ಕಣ್ಣು ಸಾಲುವುದಿಲ್ಲ. ಪ್ರಿಂಟ್ ತೆಗೆಸಿ ಪೋಸ್ಟ್ ಮಾಡು, ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟಿರು.

ಪ್ರೀತಿಯಿಂದ,
ನಿನ್ನ ಮೇಷ್ಟ್ರು