ವೀರ್ಯದ ಕಡ್ಡಿಯ ಮೇಲಿನ ಹೋರಿ ನಂಬರ್ ರೈತರ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಹಸು ಬೆದೆಗೆ ಬಂತೆಂದು ಫೋನ್ ಮಾಡಿದರೆ ಕೃತಕ ಗರ್ಭಧಾರಣೆ ಮಾಡುವವರು ಕೊಟ್ಟಿಗೆಗೇ ಬರುತ್ತಾರೆ. ಜಾಡಿಯಿಂದ ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ 0.25 ಮಿ.ಲೀ. ಕಡ್ಡಿಯೊಂದನ್ನು ತೆಗೆದು, 37 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ 30 ಸೆಕೆಂಡ್ ಇಟ್ಟು, ಒರೆಸಿ, ತುದಿ ಕತ್ತರಿಸಿ, ಗನ್ನಿಗೆ ಸೇರಿಸಿ ಕೆಲಸ ಮುಗಿಸುತ್ತಾರೆ. ಖಾಲಿ ಕಡ್ಡಿ ತಿಪ್ಪೆಗೆ ಹೋಗುತ್ತದೆ. ಅಗರಬತ್ತಿಗಿಂತ ತೆಳುವಾದ ಆ ಕಡ್ಡಿಯ ಮೇಲೆ ವೀರ್ಯ ಕೇಂದ್ರ, ತಳಿ, ತಾರೀಖು ಮತ್ತು ಹೋರಿಯ ನಂಬರ್ ಅಚ್ಚಾಗಿರುತ್ತವೆ. ಹುಟ್ಟಲಿರುವ ಕರುವಿನ ತಂದೆ ಯಾರೆಂದು ಆ ಕೊಟ್ಟಿಗೆಯಲ್ಲಿ ಹೇಳುವುದು ಅದೊಂದೇ. ತಳಿ ಸುಧಾರಣೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಚರ್ಚೆ ಹೆಚ್ಚಾಗಿ ಹಾಲಿನ ಲೀಟರಿನ ಲೆಕ್ಕಕ್ಕೇ ನಿಲ್ಲುತ್ತದೆ. ಈ ನಂಬರಿನ ಮಾತೂ ಬರಬೇಕೆಂದು ಈ ಪತ್ರ.

ಕಿವಿಯೋಲೆಯ 12 ಅಂಕಿಯ ಸಂಖ್ಯೆಯೊಡನೆ ಗರ್ಭಧಾರಣೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ಏರ್ಪಾಡು ಇದೆ, ಅದು ಒಳ್ಳೆಯದೇ. ಆದರೆ ಎರಡೂವರೆ ವರ್ಷದ ಮೇಲೆ ಅದೇ ಮನೆಯ ಕಡಸು ಬೆದೆಗೆ ಬಂದಾಗ, ಜಾಡಿಯಿಂದ ಯಾವ ಕಡ್ಡಿ ತೆಗೆಯಬೇಕೆಂದು ಕ್ಷಣದಲ್ಲಿ ತೀರ್ಮಾನ ಆಗಬೇಕು. ಅದರ ಅಪ್ಪನ ನಂಬರ್ ಆಗ ಕಣ್ಣೆದುರು ಇರಬೇಕು. ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ವೀರ್ಯ ದಶಕಗಟ್ಟಲೆ ಕೆಡುವುದಿಲ್ಲ. ಹೋರಿ ಸತ್ತಿದ್ದರೂ ಅದರ ಕಡ್ಡಿ ಜಾಡಿಯಲ್ಲಿ ಇದ್ದೀತು. ಹಾಗೆ ಅಪ್ಪನ ವೀರ್ಯ ಮಗಳಿಗೇ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪ-ಮಗಳ ಕೂಡುವಿಕೆಯಿಂದ ಹುಟ್ಟಿದ ಕರುವಿನ ಒಳಸಂತಾನದ ಪ್ರಮಾಣ (ಜೀನೊಂದರ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಂಭವ) ನಾಲ್ಕರಲ್ಲಿ ಒಂದು, ಅಂದರೆ ಶೇ 25. ಒಂದೇ ಹೋರಿಗೆ ಬೇರೆ ಬೇರೆ ಹಸುಗಳಲ್ಲಿ ಹುಟ್ಟಿದ ಅಣ್ಣ-ತಂಗಿ ಕೂಡಿದರೆ ಶೇ 12.5. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿದೆಯಲ್ಲ, ಅಲ್ಲಿ ಮಕ್ಕಳಿಗೆ ಬರುವ ಪ್ರಮಾಣವೂ ಇದೇ 12.5. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದರ ಅರ್ಧ. ಮನುಷ್ಯರಲ್ಲಿ ಈ ಲೆಕ್ಕವನ್ನು ಮಕ್ಕಳ ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ. ಕೊಟ್ಟಿಗೆಯಲ್ಲಿ ಕೇಳುವವರಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಬ್ಲಾಡ್ ಎಂಬ ಆನುವಂಶಿಕ ಕಾಯಿಲೆಯನ್ನೇ ನೋಡಬಹುದು. ಕರು ಹುಟ್ಟುವಾಗ ಚೆನ್ನಾಗಿಯೇ ಕಾಣುತ್ತದೆ. ಕೆಲವು ವಾರಗಳಲ್ಲಿ ಭೇದಿ, ಕೆಮ್ಮು, ಜ್ವರ. ಬಾಯಿ ತೆರೆದು ನೋಡಿದರೆ ನಾಲಗೆಯಲ್ಲೂ ಒಸಡಿನಲ್ಲೂ ಹುಣ್ಣು, ಹಲ್ಲು ಅಲ್ಲಾಡುತ್ತಿರುತ್ತದೆ. ಗಾಯ ಮಾಯುವುದಿಲ್ಲ, ಕೀವು ಕಟ್ಟುವುದೂ ಇಲ್ಲ. ಆ್ಯಂಟಿಬಯೋಟಿಕ್ ಕೊಟ್ಟಾಗ ಚೇತರಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಮಲಗುತ್ತದೆ. ಬೆಳವಣಿಗೆ ಕುಂಠಿತವಾಗಿ, ಹೆಚ್ಚಿನವು ವರ್ಷ ತುಂಬುವುದರೊಳಗೆ ಸಾಯುತ್ತವೆ. ರಕ್ತ ಪರೀಕ್ಷೆ ಮಾಡಿದರೆ ಸುಳಿವು ಸಿಗುತ್ತದೆ: ಪ್ರತಿ ಮೈಕ್ರೊಲೀಟರ್‌ಗೆ ಸುಮಾರು 4,000ದಿಂದ 12,000 ಇರಬೇಕಾದ ಬಿಳಿರಕ್ತಕಣ 40,000 ದಾಟಿರುತ್ತದೆ. ಸೈನ್ಯ ಬೇಕಾದಷ್ಟಿದೆ, ಆದರೆ ಅದು ರಕ್ತನಾಳ ಬಿಟ್ಟು ಹೊರಬರಲಾರದು. ನಾಳದ ಗೋಡೆಗೆ ಅಂಟಿಕೊಳ್ಳಲು ಬೇಕಾದ ಸಿಡಿ18 ಎಂಬ ಪ್ರೋಟೀನ್ ಕೆಟ್ಟಿರುತ್ತದೆ. ಅದನ್ನು ರೂಪಿಸುವ ಜೀನಿನ 383ನೇ ಸ್ಥಾನದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ.

ಈ ದೋಷದ ಜಾಡು ಹಿಡಿದು ಹೋದರೆ 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಹೋರಿಗೆ ತಲುಪುತ್ತದೆ. ಅದರ ವಂಶದ ಹೋರಿಗಳಿಗೆ ಹಾಲಿನ ಗುಣ ಚೆನ್ನಾಗಿದ್ದುದರಿಂದ ವೀರ್ಯಕ್ಕೆ ಬೇಡಿಕೆ ಬಂತು, ದೋಷವೂ ಅದರ ಜೊತೆಗೇ ಹರಡಿತು. 1992ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳ ಪೈಕಿ ಶೇ 14.1 ವಾಹಕಗಳಾಗಿದ್ದವು, ಅಂದರೆ ಆ ಜೀನಿನ ಒಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದವು. ವಾಹಕ ಪ್ರಾಣಿಗೆ ಏನೂ ತೊಂದರೆ ಇಲ್ಲ. ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಕರುವಿಗೆ ಮಾತ್ರ ಕಾಯಿಲೆ. ಊರಿನ ಹಸುಗಳಲ್ಲಿ ನೂರಕ್ಕೆ ಎರಡು ವಾಹಕ ಎಂದಿಟ್ಟುಕೊಳ್ಳಿ. ವಾಹಕ ಹೋರಿಯೊಂದನ್ನು ಸಂಬಂಧವಿಲ್ಲದ ಹಸುಗಳಿಗೆ ಬಳಸಿದರೆ 200 ಕರುಗಳಲ್ಲಿ ಒಂದು ರೋಗಗ್ರಸ್ತ. ಅದೇ ಹೋರಿಯನ್ನು ಅದರ ಹೆಣ್ಣುಮಕ್ಕಳಿಗೇ ಬಳಸಿದರೆ ಎಂಟರಲ್ಲಿ ಒಂದು.

ಮಕ್ಕಳ ವೈದ್ಯರಿಗೆ ಈ ಚಿತ್ರ ಪರಿಚಿತ. ಇದೇ ಸಿಡಿ18 ಕೆಟ್ಟ ಮಕ್ಕಳಲ್ಲಿ ಹೊಕ್ಕುಳಬಳ್ಳಿ ಮೂರು ವಾರ ಕಳೆದರೂ ಬೀಳುವುದಿಲ್ಲ, ಹೊಕ್ಕುಳಿಗೆ ಸೋಂಕಾಗುತ್ತದೆ, ಕೀವಿಲ್ಲದ ಹುಣ್ಣಾಗುತ್ತದೆ, ಬಿಳಿರಕ್ತಕಣ ಏರಿರುತ್ತದೆ. ಫ್ಲೋ ಸೈಟೊಮೆಟ್ರಿ ಪರೀಕ್ಷೆಯಲ್ಲಿ ಖಚಿತವಾಗುತ್ತದೆ, ತೀವ್ರ ರೂಪಕ್ಕೆ ಅಸ್ಥಿಮಜ್ಜೆ ಕಸಿಯೇ ಮುಖ್ಯ ಚಿಕಿತ್ಸೆ. ಐರಿಷ್ ಸೆಟ್ಟರ್ ನಾಯಿಗಳಲ್ಲೂ ಇದೇ ಜೀನಿನ ದೋಷವಿದ್ದು, ಜೀನ್ ಚಿಕಿತ್ಸೆಯ ಪ್ರಯೋಗಗಳು ಆ ನಾಯಿಗಳ ಮೇಲೆ ನಡೆದಿವೆ. ಪಶುವೈದ್ಯ, ಮಕ್ಕಳ ವೈದ್ಯ, ತಳಿವಿಜ್ಞಾನಿ ಒಂದೇ ಮೇಜಿನ ಸುತ್ತ ಕೂರಬೇಕಾದ ವಿಷಯವಿದು.

ಕೇಂದ್ರ ಸರ್ಕಾರದ ಮಾನದಂಡದಂತೆ ವೀರ್ಯ ಕೇಂದ್ರದ ಹೋರಿಗಳನ್ನು ಬ್ಲಾಡ್, ಸಿಟ್ರುಲಿನೀಮಿಯಾ, ಡಂಪ್ಸ್ ಮತ್ತು ಫ್ಯಾಕ್ಟರ್ 11 ಕೊರತೆ ಎಂಬ ನಾಲ್ಕು ಆನುವಂಶಿಕ ದೋಷಗಳಿಗೆ ಪರೀಕ್ಷಿಸಬೇಕು. ಹಾಗಾದರೆ ಚಿಂತೆ ಏಕೆ ಎನ್ನಬಹುದು. ಪರೀಕ್ಷೆ ಗೊತ್ತಿರುವ ದೋಷಗಳಿಗಷ್ಟೇ ನಡೆಯುತ್ತದೆ, ಗೊತ್ತಿಲ್ಲದ ದೋಷಗಳನ್ನೂ ಒಳಸಂತಾನ ಹೊರಗೆಳೆಯುತ್ತದೆ. ಅಲ್ಲದೆ ಊರಲ್ಲೇ ಹುಟ್ಟಿ, ಎತ್ತರ ನಿಲುವು ನೋಡಿ ಉಳಿಸಿಕೊಂಡ ಮಿಶ್ರತಳಿಯ ಬೀಜದ ಹೋರಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ.

ಬ್ಲಾಡ್ ಪರೀಕ್ಷೆ ಕಷ್ಟದ್ದಲ್ಲ. ಪಿಸಿಆರ್‌ನಲ್ಲಿ ಜೀನಿನ ಆ ತುಣುಕನ್ನು ಹೆಚ್ಚಿಸಿ ಟ್ಯಾಕ್-ಒನ್ ಎಂಬ ಕಿಣ್ವ ಹಾಕಿದರೆ ಸರಿಯಾದ ಪ್ರತಿ ಎರಡಾಗಿ ತುಂಡಾಗುತ್ತದೆ, ಕೆಟ್ಟದ್ದು ಇಡಿಯಾಗಿ ಉಳಿಯುತ್ತದೆ. ಜೆಲ್ಲಿನಲ್ಲಿ ಓಡಿಸಿದಾಗ ಒಂದೊಂದು ಅಳತೆಯ ತುಂಡು ಒಂದೊಂದು ಪಟ್ಟಿಯಾಗಿ ಕಾಣುತ್ತದೆ, ವಾಹಕದಲ್ಲಿ ಮೂರೂ ಪಟ್ಟಿ ಕಾಣುತ್ತವೆ. ಕಿಣ್ವ ಪೂರ್ತಿ ಕೆಲಸ ಮಾಡದಿದ್ದರೂ ಮೂರು ಪಟ್ಟಿಯೇ ಕಾಣುವುದರಿಂದ, ಆರೋಗ್ಯವಂತ ಹೋರಿಗೆ ವಾಹಕದ ಹಣೆಪಟ್ಟಿ ಬೀಳಬಹುದು. ಹಾಗಾಗಿ ಸರಿಯೆಂದು ಮೊದಲೇ ಗೊತ್ತಿರುವ ಮಾದರಿಯೊಂದನ್ನು ಪ್ರತಿ ಸಲವೂ ಪಕ್ಕದಲ್ಲಿ ಓಡಿಸಬೇಕು. ಮಾದರಿ ತೆಗೆಯುವಾಗಲೂ ಎಡವಟ್ಟಾಗುತ್ತದೆ. ಅವಳಿಯಾಗಿ ಹುಟ್ಟಿದ ದನಗಳು ಗರ್ಭದಲ್ಲಿ ರಕ್ತ ಹಂಚಿಕೊಂಡಿರುವುದರಿಂದ ಒಂದರ ರಕ್ತದಲ್ಲಿ ಇನ್ನೊಂದರ ಡಿಎನ್‌ಎ ಸಿಗಬಹುದು. ಅಂಥದಕ್ಕೆ ಬಾಲದ ತುದಿಯ 20–30 ಕೂದಲನ್ನು ಬುಡಸಮೇತ ಕಿತ್ತು ಒಣ ಕಾಗದದ ಲಕೋಟೆಯಲ್ಲಿ ಕಳಿಸಬೇಕು. ಪ್ಲಾಸ್ಟಿಕ್ ಬೇಡ, ಬೆವರಿ ಬೂಷ್ಟು ಹಿಡಿಯುತ್ತದೆ. ವೀರ್ಯದ ಕಡ್ಡಿಯಿಂದಲೂ ಡಿಎನ್‌ಎ ತೆಗೆಯಬಹುದು, ಆದರೆ ರಕ್ತಕ್ಕೆ ಬಳಸುವ ಕಿಟ್ ಅಷ್ಟಕ್ಕೇ ಸಾಲದು. ವೀರ್ಯಾಣುವಿನ ತಲೆ ಗಂಧಕದ ಬಂಧದಿಂದ ಬಿಗಿದಿರುತ್ತದೆ, ಡಿಟಿಟಿ ಎಂಬ ರಾಸಾಯನಿಕ ಸೇರಿಸದಿದ್ದರೆ ಕೈಗೆ ಏನೂ ಹತ್ತುವುದಿಲ್ಲ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದೇ ಇಲ್ಲ. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಯ ಒಂದು ಜೀನಿನಲ್ಲಿದ್ದ ದೋಷ ಎರಡೂ ಕಡೆಯಿಂದ ಬಂದರೆ ಭ್ರೂಣವೇ ಉಳಿಯುವುದಿಲ್ಲ. ಲೋಕದಾದ್ಯಂತ ಸುಮಾರು 5,25,000 ಗರ್ಭ ಇದರಿಂದ ಹೋಗಿವೆ ಎಂದು 2016ರಲ್ಲಿ ಅಂದಾಜಿಸಲಾಯಿತು. ರೈತರಿಗೆ ಕಾಣುವುದು ಇಷ್ಟೇ: ಹಸು ಗಬ್ಬ ನಿಲ್ಲಲಿಲ್ಲ, ಮತ್ತೆ ಬೆದೆಗೆ ತಿರುಗಿತು. ತಿರುಗುವ ಹಸುಗಳಲ್ಲಿ ಹೆಚ್ಚಿನವಕ್ಕೆ ಕಾರಣ ತಪ್ಪಿದ ಸಮಯ, ಗರ್ಭಕೋಶದ ಸೋಂಕು, ಮೇವಿನ ಕೊರತೆ, ಕಡ್ಡಿ ಕರಗಿಸುವಾಗಿನ ಅಜಾಗರೂಕತೆ. ಅವನ್ನು ಮೊದಲು ನೋಡಬೇಕು. ಆದರೆ ಮೂರನೇ ಸಲಕ್ಕೆ ಔಷಧದ ಜೊತೆ ಹೋರಿಯನ್ನೂ ಬದಲಿಸುವುದಕ್ಕೆ ಬಿಡಿಗಾಸಿನ ಖರ್ಚಿಲ್ಲ. ಹಿಂದಿನ ಎರಡು ಸಲ ಯಾವ ನಂಬರ್ ಹಾಕಿದ್ದೆಂದು ಗೊತ್ತಿದ್ದರೆ ತಾನೇ ಬದಲಿಸುವುದು?

ನಾಟಿ ತಳಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಕೃಷ್ಣಾ ಕಣಿವೆ ತಳಿಯಂಥ ಸಣ್ಣ ಗುಂಪುಗಳಲ್ಲಿ ಹಸುಗಳ ಸಂಖ್ಯೆ ಹೆಚ್ಚಿಸಿದರೆ ತಳಿ ಉಳಿಯಿತು ಎಂಬ ನಂಬಿಕೆಯಿದೆ. ತಳಿವಿಜ್ಞಾನದ ಲೆಕ್ಕ ಬೇರೆ. ಅದು ನೋಡುವುದು ‘ಪರಿಣಾಮಕಾರಿ ಸಂಖ್ಯೆ’ಯನ್ನು, ಅಂದರೆ ಒಳಸಂತಾನದ ದೃಷ್ಟಿಯಿಂದ ಆ ಗುಂಪು ಎಷ್ಟು ದನಗಳಿಗೆ ಸಮ ಎಂಬುದನ್ನು. ಹೋರಿ ಮತ್ತು ಹಸುಗಳ ಸಂಖ್ಯೆಯನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. 10 ಹೋರಿ, 1,000 ಹಸು ಇದ್ದರೆ ಉತ್ತರ ಸುಮಾರು 40. ಹಸುಗಳನ್ನು 5,000ಕ್ಕೆ ಏರಿಸಿದರೂ ಅದು 40 ದಾಟುವುದಿಲ್ಲ. ಹೋರಿಗಳನ್ನು 20 ಮಾಡಿದರೆ 1,000 ಹಸುಗಳಿಗೇ 78 ಆಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಕನಿಷ್ಠ 50. ಜಾತ್ರೆಯಲ್ಲಿ ಬಹುಮಾನ ಗೆದ್ದ ಒಂದೇ ಹೋರಿಗೆ ಎಲ್ಲರೂ ಮುಗಿಬಿದ್ದರೆ ಈ ಸಂಖ್ಯೆ ಕುಸಿಯುತ್ತದೆ. ಸಂಶೋಧನೆಗೆ ರಕ್ತ ಸಂಗ್ರಹಿಸುವವರೂ ಒಂದೇ ಗೋಶಾಲೆಯ 40 ದನಗಳಿಂದ ತೆಗೆದರೆ ಅದು ತಳಿಯ ಚಿತ್ರವಾಗದು, ಒಂದು ಕುಟುಂಬದ ಚಿತ್ರವಾದೀತು. ಬೇರೆ ಬೇರೆ ಊರುಗಳಿಂದ, ಅಜ್ಜ-ಅಜ್ಜಿ ಒಂದಾಗದ ದನಗಳನ್ನು ಆರಿಸಬೇಕು. ಅದಕ್ಕೂ ವಂಶದ ದಾಖಲೆ ಬೇಕು.

ಪಶುಪಾಲನಾ ಇಲಾಖೆ ಮತ್ತು ಹಾಲು ಒಕ್ಕೂಟಗಳಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಗರ್ಭಧಾರಣೆಯ ದಿನವೇ ಹಸುವಿನ ಓಲೆ ಸಂಖ್ಯೆ, ಹೋರಿ ನಂಬರ್, ತಾರೀಖು ಬರೆದ ಚೀಟಿ ರೈತರಿಗೆ ಸಿಗಲಿ. ಹಾಲಿನ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಅದಕ್ಕೊಂದು ಪಟ್ಟಿ ಅಚ್ಚಾದರೆ ಇನ್ನೂ ಒಳ್ಳೆಯದು. ಒಂದು ಗ್ರಾಮಕ್ಕೆ ಹೋಗುವ ಹೋರಿಗಳ ಸಾಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲಿ. ಕಾರಣ ತಿಳಿಯದೆ ಕರು ಸತ್ತರೆ ಕಿವಿಯ ಒಂದು ಸೆಂಟಿಮೀಟರ್ ತುಂಡನ್ನು ಆಲ್ಕೋಹಾಲಿನಲ್ಲಿ ಇಡಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುವುದರಿಂದ, ಅಂಗಾಂಶ ಪರೀಕ್ಷೆಗೆ ಅದರಲ್ಲಿಟ್ಟ ತುಂಡು ಇದಕ್ಕೆ ಒದಗುವುದಿಲ್ಲ. ಬಾಟಲಿ ಎರಡಿರಲಿ.

ಅಲ್ಲಿಯವರೆಗೆ ರೈತಬಾಂಧವರು ಖಾಲಿ ಕಡ್ಡಿಯನ್ನು ಕೇಳಿ ಪಡೆದು, ತೊಳೆದು ಒಣಗಿಸಿ, ಹಸುವಿನ ಹೆಸರು ಬರೆದ ಹಾಳೆಗೆ ಅಂಟುಪಟ್ಟಿಯಲ್ಲಿ ಅಂಟಿಸಿ ಇಡಬಹುದು. ಅದರ ಮೇಲಿನ ಅಕ್ಷರ ತೀರಾ ಸಣ್ಣದು, ಉಜ್ಜಿದರೆ ಅಳಿಸಿಯೂ ಹೋಗುತ್ತದೆ. ನಂಬರನ್ನು ಅವತ್ತೇ ಪಕ್ಕದಲ್ಲಿ ಪೆನ್ನಿನಿಂದ ದಪ್ಪಗೆ ಬರೆದುಕೊಳ್ಳಿ.

— ಪಶುವೈದ್ಯಕೀಯ ತಳಿಶಾಸ್ತ್ರ ಕ್ಷೇತ್ರದ ಇಬ್ಬರು ಓದುಗರು, ಧಾರವಾಡ