ಮಗಳಿಗೊಂದು ಪತ್ರ: ಆ ಹಲ್ಲಿನ ವಿಷಯ

ಕಾರವಾರ,
ಭಾನುವಾರ ರಾತ್ರಿ

ಮಗಾ,

ಮೊನ್ನೆ ಆಸ್ಟ್ರೇಲಿಯಾದಿಂದ ಫೋನ್ ಮಾಡಿ, ಜೈವಿಕ ಮಾನವಶಾಸ್ತ್ರದಲ್ಲಿ ಆನರ್ಸ್ ಸೀಟು ಸಿಕ್ಕಿತು ಅಂತ ನೀನು ಖುಷಿಯಿಂದ ಹೇಳುತ್ತಿದ್ದಾಗ ನಾನು "ಆಮೇಲೆ ಮಾತಾಡೋಣ" ಅಂತ ಫೋನ್ ಇಟ್ಟುಬಿಟ್ಟೆ. ದುಡ್ಡಿನ ಚಿಂತೆಗೆ ಅಪ್ಪ ಹಾಗೆ ಮಾಡಿದ ಅಂದೆಯಂತೆ, ಆಯಿ ಹೇಳಿದಳು. ದುಡ್ಡಿನ ಚಿಂತೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಫೋನ್ ಇಟ್ಟದ್ದು ಅದಕ್ಕಲ್ಲ. ಸ್ಪೀಕರ್ ಹಾಕಿದ್ದೆವು. ಸಣ್ಣ ವಯಸ್ಸಿನಲ್ಲೇ ಸತ್ತ ಮಕ್ಕಳ ಹಲ್ಲು ನೋಡುವುದು ನನ್ನ ಪ್ರಾಜೆಕ್ಟ್ ಅಂತ ನೀನು ಅಂದಾಗ ಅಜ್ಜಿ ತಟ್ಟೆ ಬಿಟ್ಟು ಎದ್ದು ಹೋದಳು.

ನನಗೊಬ್ಬಳು ತಂಗಿ ಇದ್ದಳು. ನಿನಗೆ ಹೇಳಿಲ್ಲ. ನಿನ್ನ ಆಯಿಗೂ ಗೊತ್ತಾಗಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

ಸೂಪಾದ ಕಡೆಯ ನಮ್ಮ ಹಳೇ ಊರಿನ ಕಥೆ ನೀನು ಬೇಜಾರಾಗುವಷ್ಟು ಕೇಳಿದ್ದೀಯ, ಅದೆಲ್ಲ ಬಿಡು. ಕೇಳದೆ ಇರುವುದು ಇಷ್ಟು. ಮಳೆಗಾಲ. ಅವಳಿಗೆ ನಾಲ್ಕು ತುಂಬಿತ್ತೋ ಇಲ್ಲವೋ. ಎರಡು ಮೂರು ದಿನದ ಜ್ವರ. ಹೊಳೆ ತುಂಬಿ ಹರಿಯುತ್ತಿತ್ತು, ದಾಟಿ ಡಾಕ್ಟರ ಹತ್ತಿರ ಹೋಗುವ ಹಾಗಿರಲಿಲ್ಲ. ಸಣ್ಣ ಮಕ್ಕಳನ್ನು ಸುಡುವುದಿಲ್ಲ ಅಲ್ವಾ, ಮನೆ ಹಿಂದಿನ ಹಕ್ಕಲಿನಲ್ಲಿ ಹಲಸಿನ ಮರದ ಬುಡಕ್ಕೆ ಹೂತರು.

ಆಮೇಲೆ ಅಣೆಕಟ್ಟು ಬಂತು. ಊರು ಬಿಡುವ ದಿನ ಎಲ್ಲರೂ ಬಾಗಿಲು, ಹಂಚು, ಜಂತಿ ಕಿತ್ತು ಲಾರಿಗೆ ಏರಿಸುತ್ತಿದ್ದರು. ಅಜ್ಜಿ ಮಾತ್ರ ಹಕ್ಕಲಿಗೆ ಹೋಗಿ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನ ಅಪ್ಪ ಕರೆದರೂ ಬರಲಿಲ್ಲ. ನನ್ನನ್ನು ಕಳಿಸಿದರು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವಳು ಏಳುವ ಮುಂಚೆ ಕೇಳಿದಳು, "ನೀರು ಬಂದರೆ ಅದಕ್ಕೆ ಚಳಿ ಆಗುವುದಿಲ್ಲವೇನೋ?" ನಾನು ಶಾಲೆಗೆ ಹೋಗುವ ಹುಡುಗ. ಏನು ಹೇಳಲಿ, ಆಗುವುದಿಲ್ಲ ಅಂದೆ. ಆ ಮರವನ್ನು ಕಡಿದರೋ, ನೀರಿನಲ್ಲೇ ನಿಂತು ಒಣಗಿತೋ, ಯಾರನ್ನೂ ಕೇಳಿಲ್ಲ. ಅಜ್ಜಿಯೂ ಆಮೇಲೆ ಒಂದು ಸಲವೂ ಆ ಮಾತು ಎತ್ತಿಲ್ಲ. ಹಲಸಿನ ಹಣ್ಣು ಮಾತ್ರ ಅವಳು ತಿನ್ನುವುದಿಲ್ಲ. ವಾಯು ಆಗುತ್ತೆ ಅನ್ನುತ್ತಾಳೆ.

ಹೋದ ರಜೆಯಲ್ಲಿ ನೀನು ಹೇಳಿದ್ದು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. ಎಲುಬು ಬದುಕಿರುವಷ್ಟು ದಿನ ಹೊಸದಾಗುತ್ತಲೇ ಇರುತ್ತೆ, ಹಲ್ಲಿನ ಹೊರಗಿನ ಗಟ್ಟಿ ಪದರ, ಎನಾಮಲ್, ಮಾತ್ರ ಒಮ್ಮೆ ಆದದ್ದು ಹಾಗೇ ಉಳಿಯುತ್ತೆ ಅಂದೆ. ದವಡೆಯೊಳಗೆ ಹಲ್ಲು ಬೆಳೆಯುತ್ತಿರುವಾಗ ಜೋರು ಕಾಯಿಲೆ ಬಂದರೆ, ಹೊಟ್ಟೆಗೆ ಸಾಲದಿದ್ದರೆ, ಅಡ್ಡಕ್ಕೆ ಒಂದು ಗೆರೆ ಬೀಳಬಹುದು. ಆದರೆ ಗೆರೆ ಬೀಳಬೇಕಾದರೆ ಮಗು ಆ ಕಾಯಿಲೆ ದಾಟಿ ಬದುಕಿರಬೇಕು. ಬೇಗನೆ ಸತ್ತ ಮಗುವಿನ ಹಲ್ಲು ನುಣ್ಣಗೆ ಇರುತ್ತೆ, ಕಾಯಿಲೆಯೇ ಬಾರದ ಮಗುವಿನ ಹಾಗೆ. 1992ರಲ್ಲಿ ಯಾರೋ ಈ ತೊಡಕು ಎತ್ತಿ ಬರೆದರು, ಅಲ್ಲಿಂದ ನಿಮ್ಮವರಲ್ಲಿ ಜಗಳ ನಿಂತಿಲ್ಲ ಅಂತ ನಗುತ್ತಾ ಹೇಳಿದ್ದೆ.

ನಾನು ನಗಲಿಲ್ಲ, ನೀನು ಗಮನಿಸಲಿಲ್ಲ. ಅಂದರೆ ನನ್ನ ತಂಗಿಯ ಹಲ್ಲಿನಲ್ಲಿ ಆ ಜ್ವರ ಇಲ್ಲ. ಆದರೆ ಅದಕ್ಕೂ ಹಿಂದಿನ ವರ್ಷ ಅವಳಿಗೆ ದಡಾರ ಆಗಿ ವಾಸಿಯಾಗಿತ್ತು. ಅಜ್ಜಿ ರಾತ್ರಿಯೆಲ್ಲ ಬೇವಿನ ಸೊಪ್ಪು ಹಿಡಿದು ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಅದು ಇರಬಹುದು ಅಲ್ವಾ?

ನಿನ್ನೆ ಅಜ್ಜಿಗೆ ಬಿಡಿಸಿ ಹೇಳಿದೆ. ಅವು ವಿಯೆಟ್ನಾಂನ ಮಾನ್ ಬಾಕ್ ಅನ್ನುವ ಜಾಗದ ಮಕ್ಕಳು, ಹೆಚ್ಚು ಕಡಿಮೆ 4000 ವರ್ಷ ಹಿಂದಿನವು, ಇವಳು ನೋಡುವುದು ಹಲ್ಲಿನ ಅಚ್ಚು, ಫೋಟೊ ಅಂತ. "ಅವುಗಳ ಮನೆಯವರನ್ನು ಕೇಳಿ ತೆಗೆದರಾ?" ಅಂದಳು. 4000 ವರ್ಷ ಅಂದೆನಲ್ಲ ಅಂದರೆ, "ಊರಿನವರು ಇರುತ್ತಾರಲ್ಲ" ಅಂದಳು. ಆಗ ನೀನು ಹೇಳಿದ್ದ, ಆಸ್ಟ್ರೇಲಿಯಾದ ಮುಂಗೋ ಕೆರೆಯ ಕಥೆ ನೆನಪಾಯಿತು. 1974ರಲ್ಲಿ ಸಿಕ್ಕಿದ, 40,000 ವರ್ಷ ಹಿಂದಿನ ಆ ಮನುಷ್ಯನ ಎಲುಬು ನಿಮ್ಮ ಕ್ಯಾನ್‌ಬೆರಾದಲ್ಲೇ ಇತ್ತು, ಅವನ ಜನ, ಅಂದರೆ ಅಲ್ಲಿನ ಮೂಲನಿವಾಸಿಗಳು, ಕೇಳಿ ಕೇಳಿ 2017ರಲ್ಲಿ ಶವದ ಗಾಡಿಯಲ್ಲಿ ವಾಪಸ್ ಕರೆದುಕೊಂಡು ಹೋದರು ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಮೀನುಸಾರಿನಲ್ಲಿ ಸರಿಯಾಗಿ ಊಟ ಮಾಡಿದಳು. ಹಾಗಾಗಿ ಅವಳಿಗೋಸ್ಕರ ವಿಷಯ ಬದಲಾಯಿಸುವ ಯೋಚನೆ ಮಾಡಬೇಡ.

ಇನ್ನು ಕೆಲಸದ ಮಾತು. ಆನರ್ಸ್ ಅಂದರೆ ಮೂರು ವರ್ಷದ ಡಿಗ್ರಿಯ ಮೇಲೆ ಇದೊಂದೇ ವರ್ಷ. ಫೆಬ್ರವರಿಯಲ್ಲಿ ಶುರುವಾದರೆ ನವೆಂಬರಿಗೆ ಮುಗಿದೇ ಹೋಯಿತು. ಫಸ್ಟ್ ಕ್ಲಾಸ್ ಬಂದರೆ ಎಂ.ಎ. ಇಲ್ಲದೆ ಪಿಎಚ್‌ಡಿಗೆ ಹಾಕಬಹುದು ಅಂದಿದ್ದೀಯ. ಹಾಗಿದ್ದರೆ ಓದುವುದನ್ನು ಫೆಬ್ರವರಿಗೆ ಇಟ್ಟುಕೊಳ್ಳಬೇಡ, ಈಗಲೇ ಓದು. ಅಂಕಿಸಂಖ್ಯೆಗೆ ಬೇಕಾದ ಆರ್ ಅನ್ನುವ ಆ ಪ್ರೋಗ್ರಾಂ ರಜೆಯಲ್ಲೇ ಕಲಿ. ಪ್ರಶ್ನೆ ಸಣ್ಣದಿರಲಿ. ಇಡೀ ಮಾನ್ ಬಾಕ್ ನಿನ್ನ ತಲೆ ಮೇಲೆ ಹೊರಬೇಡ. ಅನುಮತಿ ಪತ್ರ ಕೈಗೆ ಬರುವವರೆಗೆ ಏನನ್ನೂ ಮುಟ್ಟಬೇಡ. ವಾರಕ್ಕೊಮ್ಮೆ ಗೈಡ್ ಹತ್ತಿರ ಹೋಗು, ಬರೆದದ್ದು ಹೇಗಿದ್ದರೂ ತೋರಿಸು. ಪೂರ್ತಿ ಚೆಂದ ಆದ ಮೇಲೆಯೇ ತೋರಿಸುತ್ತೇನೆ ಅನ್ನುವ ನಿನ್ನ ಹಟ ನನಗೆ ಗೊತ್ತಿಲ್ವಾ? ಅಳೆದ ಹಲ್ಲನ್ನೇ ಕೆಲವು ದಿನ ಬಿಟ್ಟು, ಮೊದಲ ಲೆಕ್ಕ ನೋಡದೆ ಮತ್ತೆ ಅಳೆದು, ಎಷ್ಟು ತಪ್ಪುತ್ತೆ ಅಂತ ಬರೆದಿಡಬೇಕು ಅಂದಿದ್ದೆ. ಜಮೀನು ಸರ್ವೆಯಲ್ಲಿ ಚೈನು ಎಳೆದ ನನಗೆ ಆ ಮಾತು ತುಂಬ ಹಿಡಿಸಿತು. ನಮ್ಮಲ್ಲಿ ಎರಡನೇ ಸಲ ಅಳೆಯುವುದು ಪಕ್ಕದ ಜಮೀನಿನವನು ತಕರಾರು ತೆಗೆದರೆ ಮಾತ್ರ.

ಜುಲೈ ಅಲ್ಲಿ ಚಳಿಗಾಲ, ಬೆಳಿಗ್ಗೆ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಹೋದ ವರ್ಷದ ಆ ತೆಳು ಜಾಕೆಟ್ ಸಾಲದು. ರಾತ್ರಿ ಒಬ್ಬಳೇ ಲ್ಯಾಬಿನಲ್ಲಿ ಕೂರಬೇಡ. ಹೆದರಿಕೆಗಲ್ಲ. ಇಡೀ ದಿನ ಸತ್ತ ಮಕ್ಕಳ ಲೆಕ್ಕ ಬರೆದು ಬಂದ ಮೇಲೆ ಯಾರ ಹತ್ತಿರವಾದರೂ ಮಾತಾಡಬೇಕು. ಸಿನಿಮಾ ನೋಡು. ಜಗಳವಾದರೂ ಆಡು.

ಭಾಷಣ ಆಯಿತು. ಆಯಿ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ.

ಮೊದಲೆಲ್ಲ ಯಾರಾದರೂ ಕೇಳಿದರೆ "ಆಸ್ಟ್ರೇಲಿಯಾದಲ್ಲಿ ಎಂಥದೋ ಸೈನ್ಸು" ಅನ್ನುತ್ತಿದ್ದೆ. ಈಗ ಮೀನು ಮಾರ್ಕೆಟಿನಲ್ಲೂ ಜೈವಿಕ ಮಾನವಶಾಸ್ತ್ರ ಅಂತ ಪೂರ್ತಿ ಹೇಳುತ್ತೇನೆ. ಡಾಕ್ಟರಾ ಅಂತಾರೆ. ಹೌದು, ಸತ್ತವರಿಗೆ ಅಂತೇನೆ. ನಿನಗೆ ಇದು ಇಷ್ಟವಾಗುವುದಿಲ್ಲ, ಗೊತ್ತು.

ಒಂದು ವಿಷಯ ಕೇಳಬೇಕಿತ್ತು. ಹುಳಿ ಇರುವ ಕೆಂಪು ಮಣ್ಣಿನಲ್ಲಿ ಎಲುಬು ಬೇಗ ಕರಗುತ್ತೆ, ಹಲ್ಲು ಜಾಸ್ತಿ ದಿನ ತಡೆಯುತ್ತೆ ಅಂದಿದ್ದೆ. ನಮ್ಮ ಕಡೆಯ ಮಣ್ಣು ಅಂಥದ್ದೇ. ಅದರ ಮೇಲೆ ಇಷ್ಟು ವರ್ಷ ನೀರು ನಿಂತಿದ್ದರೆ? ಹಾಲುಹಲ್ಲು, ಅದರ ಕೆಳಗೆ ಇನ್ನೂ ಹುಟ್ಟದ ಹಲ್ಲು, ಏನಾದರೂ ಉಳಿದಿರುತ್ತಾ? ನಿಮ್ಮ ಗೈಡನ್ನು ಕೇಳಿಯಾದರೂ ನನಗೆ ಬರೆ. ಇಲ್ಲ ಅಂತಿದ್ದರೆ ಇಲ್ಲ ಅಂತಲೇ ಬರೆ. ಅಜ್ಜಿಗೆ ಹೇಳುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ.

ಸಾಲದ ಅರ್ಜಿ ಮೇಲ್ ಮಾಡಿದ್ದೇನೆ. ಎರಡು ಕಡೆ ನಿನ್ನ ಸಹಿ ಬೇಕು. ಶುಕ್ರವಾರದೊಳಗೆ ಸ್ಕ್ಯಾನ್ ಮಾಡಿ ಕಳಿಸು, ಈ ಶನಿವಾರ ಬ್ಯಾಂಕಿಗೆ ರಜೆ.

ನಿನ್ನ
ಅಪ್ಪ